ಮೇಡಂ ಅಂಟಿಸಿದ ಮೆತ್ತೆ

ಪ್ಲಾಸ್ಟಿಕ್ ಗೊಂಬೆಯ ತಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೇರೆ ದಿನವಾಗಿದ್ದರೆ ಎದುರಿಗೆ ಸಿಕ್ಕವರಿಗೆಲ್ಲ, ನನ್ನದೊಂದು ತಲೆ ಸಾಲದು ಅಂತ ಇನ್ನೊಂದನ್ನು ಹೊತ್ತು ತಿರುಗುತ್ತಿದ್ದೇನೆ ಎಂದು ತಾನೇ ಹೇಳಿ ತಾನೇ ನಕ್ಕುಬಿಡುತ್ತಿದ್ದಳು. ಅಕ್ಕ ಐಸಿಯು ಸೇರಿದಾಗಿನಿಂದ ಯಾರೂ ಅವಳಿಗೆ ಅಂಥ ಅವಕಾಶವನ್ನೇ ಕೊಡುತ್ತಿರಲಿಲ್ಲ. ನೆಲ ಒರೆಸುವವಳು ಅವಳನ್ನು ಕಂಡೊಡನೆ ಕೋಲನ್ನು ಎದೆಗೆ ಆನಿಸಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಲಿಫ್ಟಿನವನು ಉಳಿದವರಿಗೆಲ್ಲ ಕೈ ಅಡ್ಡ ಹಿಡಿದು ಅವಳನ್ನು ಮೊದಲು ಹತ್ತಿಸಿಕೊಂಡು, ಹೇಗಿದ್ದಾರೆ ಎಂದು ಕಣ್ಣಲ್ಲೇ ಕೇಳುತ್ತಿದ್ದ. ಅದನ್ನು ತಪ್ಪಿಸಿಕೊಳ್ಳಲೆಂದೇ ಅವಳು ಮೆಟ್ಟಿಲ ದಾರಿ ಹಿಡಿದಿದ್ದಳು. ಬೆನ್ನ ಹಿಂದೆ 'ಪಾಠದ ಮೇಡಂ' ಎಂದು ಆಡಿಕೊಂಡು ನಗುತ್ತಿದ್ದ ನರ್ಸುಗಳೂ ಈಗ ಅವಳೆದುರು ದನಿ ತಗ್ಗಿಸಿ, ತುಂಬು ಗೌರವದಿಂದ, ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಅಕ್ಕ ಸತ್ತಿಲ್ಲ, ಇನ್ನೂ ಉಸಿರಾಡುತ್ತಿದ್ದಾಳೆ ಎಂದು ಕಿರುಚಬೇಕೆನ್ನಿಸುತ್ತಿತ್ತು. ಅವಳು ಕಿರುಚುವ ಪೈಕಿಯವಳಲ್ಲ. ಗೊಂಬೆಯ ತಲೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿಕೊಂಡಳು.

ತಲೆ ಹಳೆಯದು. ಎಷ್ಟೋ ತಂಡಗಳ ನರ್ಸಿಂಗ್ ಹುಡುಗಿಯರು ಅದರ ಮೂಗಿಗೆ ನಳಿಗೆ ತೂರಿಸಿ, ಬಾಯಿಗೆ ಟೇಪು ಅಂಟಿಸಿ, ಮುಖಕ್ಕೆ ಮಾಸ್ಕು ಬಿಗಿದು ಕಲಿತಿದ್ದರು. ಇಷ್ಟಾದರೂ ಅದರ ಮುಖದ ಮೇಲೆ ಒಂದು ಗೀರಿಲ್ಲ. ಯಾರು ಏನು ಮಾಡಿದರೂ ಕಣ್ಣು ತೆರೆದುಕೊಂಡು ತಾರಸಿ ನೋಡುತ್ತ ಬಿದ್ದಿರುವುದಕ್ಕೆ ಅದು ಎತ್ತಿದ ಕೈ. ಮೂರನೆಯ ಮಹಡಿಯ ತಿರುವಿನಲ್ಲಿ ಏದುಸಿರು ಬಂದು ನಿಂತಾಗ ಅವಳ ಹೆಬ್ಬೆರಳು ತಂತಾನೇ ಗೊಂಬೆಯ ಮೂಗಿನ ಏಣನ್ನು ಸವರುತ್ತಿತ್ತು. ಒಳಗೆ ಮೂಳೆಯಿಲ್ಲ, ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತದೆ. ಮನುಷ್ಯರ ಮೂಗಿನ ಮೇಲೆ ಹಾಗಲ್ಲ, ಚರ್ಮ, ಚರ್ಮದಡಿಗೆ ಮೂಳೆ, ನಡುವೆ ಏನೂ ಇಲ್ಲ. ಇದನ್ನು ಅವಳು ತರಗತಿಯಲ್ಲಿ ಅದೆಷ್ಟು ಸಲ ಹೇಳಿದ್ದಾಳೋ. ಮಲಗಿ ಮಲಗಿ ಬೆನ್ನಿಗಾಗುವ ಹುಣ್ಣು ಎಲ್ಲರಿಗೂ ಗೊತ್ತು, ಆದರೆ ನಾವೇ ಹಾಕಿದ ಮಾಸ್ಕು, ನಾವೇ ಕಟ್ಟಿದ ನಳಿಗೆ, ಬೆರಳಿಗೆ ನಾವೇ ಸಿಕ್ಕಿಸಿದ ಕ್ಲಿಪ್ಪು ಒತ್ತಿ ಒತ್ತಿ ಮಾಡುವ ಗಾಯವಿದೆಯಲ್ಲ, ಅದು ರೋಗ ಕೊಟ್ಟದ್ದಲ್ಲ, ನಾವು ಕೊಟ್ಟದ್ದು. ಇಷ್ಟು ಹೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು, ಮಾತು ಇಳಿಯಲಿ ಎಂದು. ಆ ಮೌನವೂ ಅವಳಿಗೆ ಬಾಯಿಪಾಠವಾಗಿತ್ತು.

ಅದೇ ವಿಷಯದಲ್ಲಿ ನರ್ಸುಗಳಿಗೆ ಎಷ್ಟು ಗೊತ್ತಿದೆ ಎಂದು ಪರೀಕ್ಷೆ ಮಾಡುವ ಕೆಲಸ ಇವತ್ತಿನದು. ಮುಂದಕ್ಕೆ ಹಾಕೋಣ ಮೇಡಂ, ಇಂಥ ಹೊತ್ತಲ್ಲಿ ಯಾಕೆ ತೊಂದರೆ ಎಂದು ಐಸಿಯುವಿನ ಹಿರಿಯ ನರ್ಸ್ ಹೇಳಿದ್ದಳು. ಕೆಲಸ ಕೆಲಸವೇ ಎಂದು ಇವಳು ಗಂಭೀರವಾಗಿ ಉತ್ತರ ಕೊಟ್ಟಿದ್ದಳು, ಆ ಉತ್ತರ ನಾಲ್ಕು ಜನರ ಬಾಯಲ್ಲಿ ಓಡಾಡಿ ಮೆಚ್ಚುಗೆಯಾಗಿ ಮರಳಿ ಬಂದಿತ್ತು. ನಿಜವೆಂದರೆ ಐಸಿಯುವಿನ ಹೊರಗಿನ ಬೆಂಚಿನ ಮೇಲೆ ಅಕ್ಕನ ಮಗಳ ಪಕ್ಕದಲ್ಲಿ ಕೂತಿರುವುದು ಅವಳಿಂದ ಆಗುತ್ತಿರಲಿಲ್ಲ. ಬೆಂಚಿನ ಮೇಲೆ ಕೂತವರೆಲ್ಲ ಒಂದೇ. ಅಲ್ಲಿ ಅವಳ ಮೂವತ್ತು ವರ್ಷದ ಅನುಭವಕ್ಕೆ ಬೆಲೆಯಿಲ್ಲ, ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲಬೇಕು, ಮುಚ್ಚಿದಾಗ ಕೂರಬೇಕು.

ಅಕ್ಕನ ಮಗಳಿಗೆ ಅಂಥ ಕಷ್ಟವಿರಲಿಲ್ಲ. ಅವಳು ಫ್ಲಾಸ್ಕನ್ನು ಕಾಲ ಬಳಿ ಇಟ್ಟುಕೊಂಡು, ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ನಿರಾಳವಾಗಿ ಕೂತಿದ್ದಳು. ಇವತ್ತೂ ಹಾಗೇ ಕೂತಿದ್ದವಳು ಚಿಕ್ಕಮ್ಮನ ಕಂಕುಳಲ್ಲಿದ್ದ ತಲೆ ನೋಡಿ ಒಂದು ಗಳಿಗೆ ಬೆಚ್ಚಿ, ಆಮೇಲೆ ನಕ್ಕಳು. ಅಕ್ಕ ಆಸ್ಪತ್ರೆಗೆ ಬಂದಾಗಿನಿಂದ ಚಿಕ್ಕಮ್ಮನೆದುರು ನಕ್ಕವಳೆಂದರೆ ಈ ಹುಡುಗಿಯೊಬ್ಬಳೇ. ರಾತ್ರಿ ಡಾಕ್ಟರು ಸಿಕ್ಕಿದ್ದರು, ಅದೇ ಮಾತು ಹೇಳಿದರು ಎಂದಳು. ಅದೇ ಮಾತೆಂದರೆ, ಶ್ವಾಸಕೋಶದ ಸೋಂಕು ಇಳಿಯುವವರೆಗೆ ಗಾಳಿಯನ್ನು ಒತ್ತಿ ಒಳಕ್ಕೆ ತಳ್ಳುವ ಈ ಮಾಸ್ಕು ಹೇಗಾದರೂ ಮುಖದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಗಂಟಲಿಗೆ ನಳಿಗೆ ಇಳಿಸಬೇಕಾಗುತ್ತದೆ. ಇಳಿಸಿದ ನಳಿಗೆಯನ್ನು ಮತ್ತೆ ತೆಗೆಯುವ ದಿನ ಬರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ. ಅಕ್ಕನ ಮಗಳು ಇದನ್ನು ಒಪ್ಪಿಸಿ, ಚಿಕ್ಕಮ್ಮನ ಕೈ ಹಿಡಿದುಕೊಂಡು ಹೇಳಿದಳು:

"ನೀನಿದ್ದೀಯಲ್ಲ ಚಿಕ್ಕಮ್ಮ. ಬೇರೆಯವರಾಗಿದ್ರೆ ನಾನು ಇಷ್ಟು ಹೊತ್ತಿಗೆ ಹುಚ್ಚಿ ಆಗಿರ್ತಿದ್ದೆ."

ಒಳಗೆ ಮೂಲೆಯ ಹಾಸಿಗೆಯಲ್ಲಿ ಅಕ್ಕ ದಿಂಬುಗಳಿಗೆ ಒರಗಿ ಕೂತ ಹಾಗಿದ್ದಳು. ಮುಖದ ಮುಕ್ಕಾಲು ಭಾಗ ಮಾಸ್ಕಿನಡಿಗೆ ಹೋಗಿ, ಕಣ್ಣು ಹಣೆ ಮಾತ್ರ ಹೊರಗಿದ್ದವು. ತಲೆಯ ಹಿಂದಿನಿಂದ ಬಂದ ಪಟ್ಟಿಗಳು ಕೆನ್ನೆಯನ್ನು ಕೊಯ್ಯುವಂತೆ ಎಳೆದಿದ್ದವು. ಯಂತ್ರ ಒಂದೊಂದು ಸಲ ಗಾಳಿ ತಳ್ಳಿದಾಗಲೂ ಅಕ್ಕನ ಇಡೀ ಮೈ ಒಂದಿಷ್ಟು ಮೇಲೆದ್ದು ಇಳಿಯುತ್ತಿತ್ತು. ಎರಡೂ ಕೈಗೆ ಬಟ್ಟೆಯ ದಪ್ಪ ಗವಸು ಹಾಕಿ ಮಣಿಕಟ್ಟಿಗೆ ಕಟ್ಟಿದ್ದರು, ಮಾಸ್ಕು ಕಿತ್ತು ಹಾಕದಿರಲೆಂದು. ಕಟ್ಟಿ ಎಂದು ಹೇಳಿದವಳು ಇವಳೇ. ಮೊದಲ ದಿನವೇ ಅಕ್ಕ ಎರಡು ಸಲ ಮಾಸ್ಕು ಎಳೆದು ಹಾಕಿದ್ದಳು, ಆಗೆಲ್ಲ ಗೋಡೆಯ ಪರದೆಯ ಮೇಲೆ ಆಮ್ಲಜನಕದ ಅಂಕಿ ಸರಸರನೆ ಇಳಿದಿತ್ತು. ಕೈ ಕಟ್ಟುವುದಕ್ಕೆ ಮನೆಯವರು ಒಪ್ಪಬೇಕಿತ್ತು. ಮನೆಯವರೂ ಇವಳೇ, ಮೇಡಮ್ಮೂ ಇವಳೇ ಆದ್ದರಿಂದ ಒಪ್ಪಿಗೆ ನೀರು ಕುಡಿದಷ್ಟು ಸುಲಭವಾಗಿ ಸಿಕ್ಕಿತ್ತು.

ಅವಳು ಪ್ರತಿದಿನದಂತೆ ಮೈಯೆಲ್ಲ ಕಣ್ಣಾಗಿ ನೋಡಿದಳು. ಬೆರಳಿನ ಕ್ಲಿಪ್ಪನ್ನು ಬಲಗೈಯಿಂದ ಬಿಚ್ಚಿ ಎಡಗೈಯ ಬೆರಳಿಗೆ, ಗವಸಿನ ಸಂದಿಯಿಂದ ತೂರಿಸಿ, ಹಾಕಿದಳು. ಮೂತ್ರದ ನಳಿಗೆ ತೊಡೆಯ ಕೆಳಗೆ ಸಿಕ್ಕಿಕೊಂಡಿಲ್ಲವೆಂದು ಕೈಯಾಡಿಸಿ ಖಾತ್ರಿ ಮಾಡಿಕೊಂಡಳು. ಕಿವಿಯ ಹಿಂದೆ ಪಟ್ಟಿ ಒತ್ತಿದಲ್ಲಿ ಬೆರಳಿಟ್ಟು ನೋಡಿದಳು. ಮೂಗಿನ ಮೇಲೆ ಮಾಸ್ಕು ಒತ್ತದಿರಲೆಂದು ಅಂಟಿಸಿದ್ದ, ಅದರ ಅಂಚಿನಿಂದ ಇಣುಕುತ್ತಿದ್ದ ಮೆತ್ತೆಯನ್ನು ಮಾತ್ರ ಕಣ್ಣಲ್ಲೇ ನೋಡಿ ತೃಪ್ತಿಪಟ್ಟಳು. ಎಷ್ಟು ಚೆನ್ನಾಗಿ ಕೂತಿದೆ. ಚಿಟ್ಟೆಯ ಆಕಾರದಲ್ಲಿ, ಎರಡೂ ರೆಕ್ಕೆ ಮೂಗಿನ ಇಕ್ಕೆಲಕ್ಕೆ ಮಡಚಿ, ಒಂದು ಸುಕ್ಕಿಲ್ಲದೆ. ಮೊದಲ ದಿನ ಒಬ್ಬ ಹೊಸ ನರ್ಸ್ ಅಳೆದೂ ಅಳೆದೂ ಅದನ್ನು ಕತ್ತರಿಸುತ್ತಿದ್ದಾಗ, ಕೊಡಿಲ್ಲಿ ಎಂದು ಕತ್ತರಿ ಕಸಿದುಕೊಂಡು ಇವಳೇ ಕತ್ತರಿಸಿದ್ದಳು. ನಾಲ್ಕೈದು ನರ್ಸುಗಳು ಸುತ್ತ ನಿಂತು ನೋಡುತ್ತಿದ್ದರು. ಅಕ್ಕ ಉಸಿರಿಗಾಗಿ ಒದ್ದಾಡುತ್ತಿದ್ದ ಆ ಹೊತ್ತಿನಲ್ಲೂ ತನ್ನ ಕೈಚಳಕದ ಮೇಲೆ ಅಷ್ಟು ಕಣ್ಣುಗಳಿವೆ ಎಂಬುದು ಅವಳ ಗಮನದಲ್ಲಿತ್ತು, ಕೈ ಇನ್ನಷ್ಟು ಚೊಕ್ಕವಾಗಿ ಓಡಿತ್ತು. ಬೇರೆ ರೋಗಿಗಳಿಗಾದರೆ ಒಂದು ಪದರ. ಅಕ್ಕನಿಗೆ ಎರಡು. ತರಗತಿಯಲ್ಲಿ ಎರಡು ಪದರ ಹಾಕಬೇಡಿ ಎಂದು ಹೇಳುವವಳೂ ಅವಳೇ, ದಪ್ಪಗಾದರೆ ಮಾಸ್ಕು ಕೂರುವುದಿಲ್ಲ, ಗಾಳಿ ಸೋರುತ್ತದೆ, ಸೋರುತ್ತದೆಂದು ಪಟ್ಟಿ ಬಿಗಿಯುತ್ತೀರಿ, ಬಿಗಿದಷ್ಟೂ ಒತ್ತಡ. ಎಲ್ಲ ಗೊತ್ತಿತ್ತು. ಆದರೆ ಅದು ಅಕ್ಕನ ಮೂಗು. ಎರಡನೆಯ ಪದರ ಅಂಟಿಸುವಾಗ ಅವಳ ಮನಸ್ಸಿನಲ್ಲಿ ಓದಿದ್ದು ಯಾವುದೂ ಇರಲಿಲ್ಲ, ಬರೀ ಮಮತೆಯಿತ್ತು.

ಅಕ್ಕ ಗವಸಿನ ಕೈಯೆತ್ತಿ ಮುಖದ ಕಡೆ ತಂದಳು. ಮೂಗಿನ ಹತ್ತಿರ ತಂದು ನಿಲ್ಲಿಸಿ ತಂಗಿಯನ್ನೇ ನೋಡಿದಳು. ನಿನ್ನೆಯೂ ಹಾಗೆ ಮಾಡಿದ್ದಳು, ಮೊನ್ನೆಯೂ. ಕೆಲವು ನಿಮಿಷ ಮಾಸ್ಕು ತೆಗೆದು ನೀರು ಕುಡಿಸುವಾಗಲೂ ಅವಳಿಗೆ ಉಸಿರು ಸಾಲದೆ ಮಾತಿಗೆ ದನಿ ಸಿಗುತ್ತಿರಲಿಲ್ಲ. ಆಗಲೂ ಇದೇ, ಗವಸೆತ್ತಿ ಮುಖಕ್ಕೆ ತರುವುದು. ಮಾಸ್ಕು ಬೇಡವೆನ್ನುತ್ತಿದ್ದಾಳೆ, ಹೆದರಿದ್ದಾಳೆ ಎಂದು ಇವಳು ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

"ಸ್ವಲ್ಪ ತಾಳ್ಕೊ ಅಕ್ಕ. ನಿನ್ನ ಒಳ್ಳೇದಕ್ಕೇ ತಾನೆ."

ಹೇಳಿದ ಮೇಲೆ ಆ ಮಾತು ಅಕ್ಕನದೇ ಎಂಬುದು ನೆನಪಾಯಿತು. ಅಮ್ಮ ಹೋದ ಮೇಲೆ ಇವಳನ್ನು ಸಾಕಿದವಳು ಅಕ್ಕ. ಅಕ್ಕನ ಸಾಕುವಿಕೆಯಲ್ಲಿ ಕೇಳುವುದು ಒಪ್ಪುವುದು ಎಂಬುದೇ ಇರಲಿಲ್ಲ. ಲಾಂಡ್ರಿಯ ಕೆಲಸ ಮುಗಿಸಿ, ಗಂಜಿ ಹಾಕಿದ ಬಟ್ಟೆಯ ವಾಸನೆಯ ಬೆರಳುಗಳಲ್ಲಿ ಇವಳ ಮೂಗು ಹಿಡಿದು, ಬಾಯಿ ತಾನೇ ತೆರೆದಾಗ ಕಹಿ ಔಷಧಿ ಸುರಿದುಬಿಡುತ್ತಿದ್ದಳು. ಇವಳು ಕೈಕಾಲು ಬಡಿದರೆ ತೊಡೆಯ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು. ಜಗತ್ತಿನಲ್ಲಿ ಪ್ರೀತಿ ಎಂದರೆ ಹೀಗೇ ಇರುತ್ತದೆ ಎಂದು ಇವಳು ಬಹಳ ಕಾಲ ತಿಳಿದಿದ್ದಳು. ಮದುವೆಯಾದ ಹೊಸದರಲ್ಲಿ ಗಂಡ ಒಂದು ಸಲ ಜ್ವರ ಬಂದಾಗ ಮಾತ್ರೆ ಬೇಡ ಎಂದಿದ್ದಕ್ಕೆ ಅವನ ದವಡೆ ಹಿಡಿದಿದ್ದಳು. ಅವನು ತಿಂಗಳುಗಟ್ಟಲೆ ಅದನ್ನು ಹೇಳಿ ಹೇಳಿ ನಗುತ್ತಿದ್ದ. ಅಕ್ಕನ ಕೈ ಮತ್ತೆ ಮೇಲೆದ್ದಿತು. ಇವಳು ಮತ್ತೆ ಇಳಿಸಿ, ಹೊದಿಕೆಯನ್ನು ಅದರ ಮೇಲೆ ಎಳೆದು, ಪರೀಕ್ಷೆಗೆ ಹೊತ್ತಾಯಿತು ಎಂದು ಹೊರಟಳು.

ಪರೀಕ್ಷೆಯ ಕೋಣೆ ಅದೇ ಮಹಡಿಯ ಇನ್ನೊಂದು ತುದಿಯಲ್ಲಿತ್ತು, ಹಳೆಯ ಮಂಚಗಳನ್ನು ಒಟ್ಟಿದ್ದ ಉಗ್ರಾಣದ ಪಕ್ಕ. ಕಿಟಕಿಯ ಪರದೆ ಅರ್ಧ ಕಳಚಿ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬಿದ್ದಿತ್ತು. ಐಸಿಯುವಿನ ನರ್ಸುಗಳು ಪಾಳಿಯ ನಡುವೆ ಬಿಡುವು ಮಾಡಿಕೊಂಡು ಬಂದವರು, ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು ಅವಳಿಗೆ ನಮಸ್ಕಾರ ಹೇಳಿ, ಅಕ್ಕನ ಬಗ್ಗೆ ಒಂದು ಮಾತು ವಿಚಾರಿಸಿ ಕೂತರು. ಗೊಂಬೆಯ ತಲೆಯನ್ನು ಮೇಜಿನ ನಡುವೆ ಇಟ್ಟು, ಮಾಸ್ಕು, ನಳಿಗೆ, ಮೆತ್ತೆಯ ಹಾಳೆ, ಕತ್ತರಿಗಳನ್ನು ಸಾಲಾಗಿ ಜೋಡಿಸುತ್ತಿದ್ದಂತೆ ಅವಳಿಗೆ ಸ್ವಲ್ಪ ಹಾಯೆನ್ನಿಸಿತು. ಇಲ್ಲಿ ಪ್ರಶ್ನೆ ಕೇಳುವವಳು ತಾನು. ಒಬ್ಬೊಬ್ಬರೂ ಎದ್ದು ಬಂದು ಗೊಂಬೆಗೆ ಸಾಧನ ಹಾಕಿ ತೋರಿಸಬೇಕು, ಎಲ್ಲಿ ಒತ್ತುತ್ತದೆ, ಯಾವಾಗ ನೋಡಬೇಕು, ಏನು ಕಂಡರೆ ಏನು ಮಾಡಬೇಕು ಎಂದು ಬಾಯಲ್ಲಿ ಹೇಳಬೇಕು. ಬರೆಸುವ ಪರೀಕ್ಷೆಯಲ್ಲಿ ಅವಳಿಗೆ ನಂಬಿಕೆಯಿರಲಿಲ್ಲ. ಕೈ ಏನು ಮಾಡುತ್ತದೆ ನೋಡಬೇಕು ಎನ್ನುತ್ತಿದ್ದಳು.

ಕೈಗಳು ಎಲ್ಲವನ್ನೂ ಸರಿಯಾಗಿಯೇ ಮಾಡಿದವು. ಅವಳಿಗೆ ಆಶ್ಚರ್ಯವಾಗುವಷ್ಟು ಸರಿಯಾಗಿ. ಪಟ್ಟಿಯಡಿಗೆ ಬೆರಳು ತೂರಿಸಿ ನೋಡಿದರು, ಬಾಯಿಯ ನಳಿಗೆಯನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸಿದರು, ಮೂಗಿನ ನಳಿಗೆಯ ಟೇಪನ್ನು ಹೊಳ್ಳೆಗೆ ತಾಗದ ಹಾಗೆ ಅಂಟಿಸಿದರು. ಯಾರಾದರೊಬ್ಬರು ತಪ್ಪು ಹೇಳಲಿ ಎಂದು ಅವಳು ಒಳಗೊಳಗೇ ಕಾಯುತ್ತಿದ್ದಳು, ತಿದ್ದುವುದಕ್ಕೆ. ತಿದ್ದುವಾಗ ಅವಳಿಗೆ ತಾನು ಇದ್ದೇನೆ ಅನ್ನಿಸುತ್ತಿತ್ತು. ಕೊನೆಗೆ ಬಂದವಳನ್ನು ಅವರೆಲ್ಲ ಗಿಣಿ ಎಂದು ಕರೆಯುತ್ತಿದ್ದರು, ಪಾಠವನ್ನು ಅರೆದು ಕುಡಿದವಳು, ಪ್ರಶ್ನೆ ಮುಗಿಯುವ ಮುಂಚೆ ಉತ್ತರ ಅವಳ ಬಾಯಲ್ಲಿರುತ್ತಿತ್ತು. ಗಿಣಿ ಮೆತ್ತೆಯನ್ನು ಕತ್ತರಿಸಿದಳು. ಚಿಟ್ಟೆಯ ಆಕಾರ. ಗೊಂಬೆಯ ಮೂಗಿಗೆ ಅಂಟಿಸಿ, ಒಂದೇ ಪದರ ಮೇಡಂ, ಜಾಸ್ತಿ ಹಾಕಿದರೆ ಒತ್ತಡ ಜಾಸ್ತಿ ಎಂದಳು. ಪಾಳಿಗೆ ಕನಿಷ್ಠ ಎರಡು ಸಲವಾದರೂ ಮಾಸ್ಕು ಎತ್ತಿ, ಮೆತ್ತೆಯನ್ನೂ ಬಿಡಿಸಿ, ಕೆಳಗಿನ ಚರ್ಮ ನೋಡಬೇಕು ಎಂದಳು. ಕೆಂಪಾಗಿದ್ದಲ್ಲಿ ಬೆರಳಿಂದ ಒತ್ತಿ, ಬೆಳ್ಳಗಾಗುತ್ತದೋ ಇಲ್ಲವೋ ನೋಡಬೇಕು. ಆಗದಿದ್ದರೆ ಗಾಯ ಶುರುವಾಗಿದೆ ಎಂದರ್ಥ. ರೋಗಿ ನೋವು ಎಂದು ಹೇಳಿದರೆ, ಹೇಳಲಾಗದೆ ಕೈ ತೋರಿಸಿದರೂ ಸರಿ, ನಂಬಬೇಕು, ತಕ್ಷಣ ಬಿಚ್ಚಿ ನೋಡಬೇಕು.

ಕೈ ತೋರಿಸಿದರೂ ಸರಿ. ಅದು ತರಗತಿಯಲ್ಲಿ ಮೇಡಂ ಆಗಿ ಅವಳೇ ಹೇಳುತ್ತಿದ್ದ ವಾಕ್ಯ, ಒಂದಕ್ಷರ ಬದಲಾಗದೆ ಗಿಣಿಯ ಬಾಯಿಂದ ಬಂದಿತ್ತು. ಪರೀಕ್ಷೆಯನ್ನು ಅಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಅಭ್ಯಾಸಬಲದಿಂದ ಅವಳ ಬಾಯಿ ಮುಂದಿನ ಪ್ರಶ್ನೆಯನ್ನು ಕೇಳಿತು: ಇದೆಲ್ಲ ಗೊಂಬೆಯ ಮೇಲಾಯಿತು, ವಾರ್ಡಿನಲ್ಲಿ ಇವತ್ತು ಯಾರ್ಯಾರದನ್ನು ಬಿಚ್ಚಿ ನೋಡಿದಿರಿ? ಗಿಣಿ ಬೆರಳು ಮಡಚುತ್ತ ಹೇಳತೊಡಗಿದಳು. ಕಿಟಕಿ ಪಕ್ಕದ ತಾತನ ಬೆರಳಿನ ಕ್ಲಿಪ್ಪು. ಬಾಗಿಲ ಬಳಿಯ ಹೆಂಗಸಿನ ಬಾಯಿಯ ನಳಿಗೆ. ಅಪಘಾತದ ರೋಗಿಯ ಕತ್ತಿನ ಪಟ್ಟಿ. ಹೇಳಿ ನಿಲ್ಲಿಸಿ, ಮೆಚ್ಚುಗೆಗಾಗಿ ಮುಖ ನೋಡಿದಳು.

"ಮೂಲೆ ಹಾಸಿಗೆ?"

"ಅದು ನೀವು ಅಂಟಿಸಿದ್ದಲ್ವಾ ಮೇಡಂ. ನಾವು ಮುಟ್ಟಲ್ಲ."

ಗಿಣಿ ಇದನ್ನು ಒಂದು ಕಾಣಿಕೆಯನ್ನು ಕೈಗಿಡುವಂತೆ ಹೇಳಿದಳು. ಉಳಿದವರು ಹೌದು ಹೌದೆಂದು ತಲೆಯಾಡಿಸಿದರು. ಪಾಳಿ ಬದಲಾಗುವಾಗ ಒಬ್ಬರಿಂದೊಬ್ಬರಿಗೆ ಹೇಳುವ ಮಾತಿನಲ್ಲಿ ಅದೂ ಸೇರಿತ್ತಂತೆ: ಮೂಲೆ ಹಾಸಿಗೆಯ ಮೆತ್ತೆ ಮೇಡಂ ಹಾಕಿರುವುದು, ಯಾರೂ ಬಿಚ್ಚಬೇಡಿ. ಮೊದಲ ದಿನದ ಆ ಹೊಸ ನರ್ಸಿಗಂತೂ ಹತ್ತಿರ ಹೋಗುವುದಕ್ಕೇ ಭಯವಂತೆ, ಅಷ್ಟು ಚೆನ್ನಾಗಿ ಕೂರಿಸಿದ್ದನ್ನು ತಾನು ಕಿತ್ತು ಹಾಳು ಮಾಡಿದರೆ ಎಂದು. ಗಾಳಿ ಸೋರುತ್ತಿದೆ ಎಂದು ಯಂತ್ರ ಕೂಗಿದಾಗಲೆಲ್ಲ ಪಟ್ಟಿಯನ್ನಷ್ಟೇ ಒಂದಿಷ್ಟು ಬಿಗಿ ಮಾಡಿದ್ದೇವೆ, ಮೆತ್ತೆಯ ತಂಟೆಗೇ ಹೋಗಿಲ್ಲ ಎಂದು ಇನ್ನೊಬ್ಬಳು ಧೈರ್ಯ ಹೇಳುವ ದನಿಯಲ್ಲಿ ಹೇಳಿದಳು.

ಎದ್ದು ಓಡಬೇಕಿತ್ತು. ಅವಳು ಓಡಲಿಲ್ಲ. ಕೂತಲ್ಲೇ ಕೂತು, ಸರಿ, ಆ ಪಟ್ಟಿ ಬಿಚ್ಚಿ ಇನ್ನೊಂದು ಸಲ ತೋರಿಸಿ ಎಂದಳು ಗಿಣಿಗೆ. ಗಿಣಿ ತೋರಿಸಿದಳು. ಆಮೇಲೆ ಆಗಲೇ ಮುಗಿಸಿದ್ದ ಇಬ್ಬರನ್ನು ಮತ್ತೆ ಕರೆದು ಅವರಿಂದಲೂ ಮಾಡಿಸಿದಳು. ಇಬ್ಬರಿಗೂ ಕೇಳಬೇಕಾದ್ದಕ್ಕಿಂತ ಹೆಚ್ಚು ಪ್ರಶ್ನೆ ಕೇಳಿದಳು. ಎಲ್ಲಿಯವರೆಗೆ ಈ ಕೋಣೆಯಲ್ಲಿ ಕೂತಿರುತ್ತಾಳೋ ಅಲ್ಲಿಯವರೆಗೆ ಆ ಮೆತ್ತೆಯಡಿಯಲ್ಲಿ ಏನೂ ಆಗಿಲ್ಲ. ಇಂಥ ಲೆಕ್ಕಾಚಾರ ತನ್ನ ತಲೆಯಲ್ಲಿ ನಡೆಯುತ್ತಿದೆ ಎಂಬುದು ಗೊತ್ತಿದ್ದೂ, ಅದರ ಹೇಡಿತನ ಗೊತ್ತಿದ್ದೂ ಅವಳ ಕಾಲು ಏಳಲಿಲ್ಲ. ಗೊಂಬೆ ತಾರಸಿ ನೋಡುತ್ತಿತ್ತು. ಬಿಸಿಲು ಮೇಜಿನ ಮೇಲಿಂದ ಅವಳ ಕೈಯ ಮೇಲೆ ಬಂದಿತ್ತು, ಬೆರಳುಗಳು ತನ್ನವಲ್ಲವೆಂಬಂತೆ ಅಲ್ಲಿ ಬಿದ್ದಿದ್ದವು. ನಿನ್ನೆ ಸಂಜೆ ಅಕ್ಕ ಗವಸೆತ್ತಿದ್ದಳು. ಇವಳು ಇಳಿಸಿದ್ದಳು. ಮೊನ್ನೆ ಮಾಸ್ಕು ತೆಗೆದು ನೀರು ಕೊಟ್ಟಾಗ ಅಕ್ಕ ಲೋಟಕ್ಕೆ ಬಾಯಿ ಕೊಡದೆ ಮುಖ ಮೇಲೆತ್ತಿ ಮೂಗನ್ನು ಇವಳಿಗೆ ಒಡ್ಡಿದ್ದಳು, ಇವಳು ಅದನ್ನು ಹಠ ಎಂದುಕೊಂಡು, ಗದ್ದ ಹಿಡಿದು ಕೆಳಗೆ ತಿರುಗಿಸಿ ನೀರು ಹಾಕಿದ್ದಳು. ಆಗಲೂ ಮೆತ್ತೆ ಕಣ್ಣೆದುರಿಗೇ ಇತ್ತು, ಚರ್ಮಕ್ಕೆ ಅಂಟಿಕೊಂಡು, ಒಂದು ಸುಕ್ಕಿಲ್ಲದೆ. ಎಲ್ಲರಿಗೂ ಪೂರ್ತಿ ಅಂಕ ಬಂದಿದೆ, ತುಂಬ ಸಂತೋಷ ಎಂದು ನರ್ಸುಗಳಿಗೆ ಹೇಳಿದಳು. ಅವರು ಕೈ ತಟ್ಟಬೇಕೋ ಬೇಡವೋ ತಿಳಿಯದೆ ಎದ್ದು ನಿಂತರು.

ಮೂಲೆಯ ಹಾಸಿಗೆಗೆ ಅವಳ ಜೊತೆ ಹಿರಿಯ ನರ್ಸೂ ಗಿಣಿಯೂ ಬಂದರು. ಡಾಕ್ಟರು ಪಕ್ಕದ ಹಾಸಿಗೆಯಿಂದ ಬಂದು, ಐದು ನಿಮಿಷ ಮಾಸ್ಕು ತೆಗೆಯಬಹುದು, ಮೂಗಿಗೆ ಆಮ್ಲಜನಕದ ಸಾದಾ ನಳಿಗೆ ಇಟ್ಟು ಅಂಕಿಯ ಮೇಲೆ ಕಣ್ಣಿಡಿ ಎಂದರು. ವಯಸ್ಸಿನಲ್ಲಿ ಚಿಕ್ಕವರು, ಅವಳನ್ನು ಮೇಡಂ ಎಂದೇ ಕರೆಯುತ್ತಿದ್ದರು. ಪಟ್ಟಿ ಬಿಚ್ಚಿದಾಗ ಕೆನ್ನೆಯಲ್ಲಿ ಆಳವಾದ ಗೆರೆಗಳು ಉಳಿದವು. ಮೆತ್ತೆಯ ಅಂಚನ್ನು ಉಗುರಿನಿಂದ ಎಬ್ಬಿಸಿ, ಚರ್ಮ ಎಳೆಯದಂತೆ ಇನ್ನೊಂದು ಕೈಯಿಂದ ಅದುಮಿಕೊಂಡು, ತಾನು ಕಲಿಸುವ ಪ್ರಕಾರವೇ ಮೆಲ್ಲಮೆಲ್ಲಗೆ ಬಿಡಿಸಿದಳು. ಮೊದಲ ಪದರ ಬಂತು. ಎರಡನೆಯದು ಒದ್ದೆಯಾಗಿ ಕೊಂಚ ಹಿಡಿದುಕೊಂಡು ಆಮೇಲೆ ಬಂತು. ಅದರ ಜೊತೆಗೆ ಒಂದು ಸಣ್ಣ ವಾಸನೆ.

ಅದನ್ನು ನೋಡಿ ಗಿಣಿ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಮೂಗಿನ ಏಣಿನ ಮೇಲೆ, ಕನ್ನಡಕ ಕೂರುವಲ್ಲಿ, ಒಂದು ಹುಣಿಸೆಬೀಜದಷ್ಟು ಜಾಗ ಕಪ್ಪಗಾಗಿತ್ತು. ಅದರ ಸುತ್ತ ನೇರಳೆ, ನೇರಳೆಯ ಸುತ್ತ ಕೆಂಪು. ಅವಳು ಬೆರಳಿಟ್ಟು ಒತ್ತಲು ಹೋಗಿ ಕೈ ಹಿಂದಕ್ಕೆ ಎಳೆದುಕೊಂಡಳು. ಒತ್ತಿ ನೋಡುವ ಹಂತ ಯಾವಾಗಲೋ ದಾಟಿತ್ತು. ಇಷ್ಟಾಗುವುದಕ್ಕೆ ಎಷ್ಟು ಕಾಲ ಬೇಕು, ಮೂಳೆಯವರೆಗೆ ಹೋಗುವುದಕ್ಕೆ ಇನ್ನೆಷ್ಟು ಬೇಕು, ಈ ಮುಖ ಇನ್ನೆಂದೂ ಮೊದಲಿನ ಹಾಗಾಗುವುದಿಲ್ಲ ಎಂಬುದನ್ನೆಲ್ಲ ಆ ಕೋಣೆಯಲ್ಲಿ ಅವಳಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಬಲ್ಲದ್ದರಿಂದ ಆಗುವ ಉಪಯೋಗ ಅಷ್ಟೇ, ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಿತು.

ಯಾರಾದರೂ ಬೈಯಬಹುದು ಎಂದು ಅವಳು ಕಾಯ್ದಳು. ಇನ್ನೊಬ್ಬ ರೋಗಿಗೆ ಹೀಗಾಗಿದ್ದರೆ, ಇನ್ನೊಬ್ಬ ನರ್ಸ್ ಮಾಡಿದ್ದರೆ, ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಇವಳೇ ಎಲ್ಲರ ಮುಂದೆ ನೀರಿಳಿಸುತ್ತಿದ್ದಳು. ಹಿರಿಯ ನರ್ಸ್ ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದು, ಯಾರಿಗೂ ಕೇಳಿಸದ ಹಾಗೆ ಹೇಳಿದಳು:

"ಇದನ್ನ ದೊಡ್ಡದು ಮಾಡೋದು ಬೇಡ ಮೇಡಂ. ವರದಿ ಗಿರದಿ ಏನೂ ಬೇಡ. ನಿಮ್ಮ ಮನೆಯವರದ್ದೇ ಅಲ್ವಾ, ಯಾರು ಕೇಳ್ತಾರೆ."

ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. ಒಂದೊಂದು ಗಾಯವನ್ನೂ ತಿಳಿಸಲೇಬೇಕು, ಮುಚ್ಚಿಟ್ಟವರು ಈ ಕೆಲಸಕ್ಕೆ ನಾಲಾಯಕ್ಕು ಎಂದು ಮೇಜು ಗುದ್ದಿ ಹೇಳುತ್ತಿದ್ದವಳು ಅವಳು. ಈಗ ಬಾಯಿ ತೆರೆದಳು, ಬೇಕು, ತಿಳಿಸಿ, ನನ್ನ ಹೆಸರು ಹೇಳಿ ಎನ್ನುವುದಕ್ಕೆ. ಗಂಟಲಿನಿಂದ ಬಂದದ್ದು ಬೇರೆಯೇ. ಬೇರೆ ಮಾಸ್ಕು ಇದೆಯಾ ಎಂದು ಕೇಳಿದಳು. ಮೂಗನ್ನು ಮುಟ್ಟದೆ ಹಣೆಗೂ ಗದ್ದಕ್ಕೂ ಕೂರುವ ದೊಡ್ಡ ಮಾಸ್ಕು ಒಂದಿದೆ, ಅದು ಅಪಘಾತದ ವಾರ್ಡಿನ ರೋಗಿಯ ಮುಖದ ಮೇಲಿದೆ, ಇನ್ನೊಂದಕ್ಕೆ ಹೇಳಿ ಕಳಿಸಿದ್ದಾರೆ, ನಾಳೆ ಬರಬಹುದು, ನಾಡಿದ್ದು ಬರಬಹುದು ಎಂದರು ಡಾಕ್ಟರು. ಅಲ್ಲಿಯವರೆಗೆ? ಡಾಕ್ಟರು ಗೋಡೆಯ ಪರದೆ ನೋಡಿದರು. ಸಾದಾ ನಳಿಗೆಯಲ್ಲಿ ಅಂಕಿ ಇಳಿಯತೊಡಗಿತ್ತು. ಒಂದೊಂದಾಗಿ, ಅವಸರವಿಲ್ಲದೆ.

ಅವಳು ಹಾಸಿಗೆಯ ಅಂಚಿಗೆ ಕೂತು ಅಕ್ಕನ ಗವಸುಗಳನ್ನು ಬಿಚ್ಚಿದಳು. ಒಳಗೆ ಬೆರಳುಗಳು ಬೆವರಿ ಬೆಳ್ಳಗೆ ಸುಕ್ಕಾಗಿದ್ದವು. ಅಕ್ಕನ ಮುಖ ಇಷ್ಟು ದಿನಕ್ಕೆ ಮೊದಲ ಸಲ ಮಾಸ್ಕೂ ಮೆತ್ತೆಯೂ ಇಲ್ಲದೆ ಪೂರ್ತಿಯಾಗಿ ಕಾಣುತ್ತಿತ್ತು, ತೆಳುವಾಗಿ, ನಡುವೆ ಆ ಕಪ್ಪು. ತಂಗಿಯ ಕಣ್ಣಲ್ಲಿ ನೀರು ಕಂಡು ಅಕ್ಕನ ಹುಬ್ಬು ಗಂಟಾಯಿತು, ಸಣ್ಣವಳಿದ್ದಾಗ ಇವಳು ಬಿದ್ದು ಬಂದರೆ ಮೊದಲು ಬೈಯುವುದೋ ಮೊದಲು ಎತ್ತಿಕೊಳ್ಳುವುದೋ ತಿಳಿಯದೆ ಮಾಡುತ್ತಿದ್ದ ಮುಖ.

"ನೋವಾಗ್ತಿತ್ತಾ ಅಕ್ಕ?" ಎಂದಳು. ಕೇಳಿದ ಕೂಡಲೇ ಎಂಥ ಪ್ರಶ್ನೆ ಎನ್ನಿಸಿ ನಾಚಿಕೆಯಾಯಿತು.

ಅಕ್ಕ ಉಸಿರು ಕೂಡಿಸಿಕೊಂಡಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಒಂದೊಂದು ಮಾತಿಗೂ ಎದೆ ಏರಿ ಇಳಿಯಿತು.

"ಹೇಳ್ತಾನೇ ಇದ್ನಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ತಂಗಿಗೆ ತಿಳಿಯದ ಒಂದು ವಿಷಯವನ್ನು ತಿಳಿಸಿದ ಹಾಗೆ ಅಷ್ಟೇ. ಸ್ವಲ್ಪ ತಡೆದು, "ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ. ಗೊತ್ತಿದ್ದೇ ಹಾಕಿರ್ತಾಳೆ ಅಂತ..." ಎಂದಳು. ಮುಂದಿನದಕ್ಕೆ ಉಸಿರು ಸಾಲಲಿಲ್ಲ.

ಗೋಡೆಯ ಪರದೆ ಬೀಪ್ ಬೀಪ್ ಎಂದು ಕೂಗತೊಡಗಿತು. ಡಾಕ್ಟರು ಹತ್ತಿರ ಬಂದು, ಇನ್ನು ಕಾಯುವ ಹಾಗಿಲ್ಲ ಮೇಡಂ, ಈ ಮಾಸ್ಕು ಅಥವಾ ಗಂಟಲಿನ ನಳಿಗೆ, ಬೇರೆ ದಾರಿಯಿಲ್ಲ ಎಂದರು. ಅಕ್ಕನ ತುಟಿಯ ಬಣ್ಣ ಬದಲಾಗುತ್ತಿತ್ತು. ಗಿಣಿ ಗಾಯದ ಮೇಲೆ ಹೊಸ ಮೆತ್ತೆ ಇಟ್ಟಳು, ಒಂದೇ ಪದರ. ಮಾಸ್ಕನ್ನು ಯಾರೂ ಎತ್ತಿಕೊಳ್ಳಲಿಲ್ಲ. ಎಲ್ಲರೂ ಮೇಡಂ ಎತ್ತಿಕೊಳ್ಳಲಿ ಎಂದು ಗೌರವದಿಂದ ನಿಂತಿದ್ದರು. ಅವಳು ಎತ್ತಿಕೊಂಡಳು. ಪ್ಲಾಸ್ಟಿಕ್ಕಿನ ಅಂಚು ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದು ಅಕ್ಕನ ಮುಖದೆದುರು ತಂದಳು, ತಂದು, ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ. ಆ ಕಪ್ಪಿನ ಮೇಲೆ ಇದನ್ನು ಹೇಗೆ ಒತ್ತುವುದು? ಹಿರಿಯ ನರ್ಸ್ ಗವಸು ಕೈಗೆತ್ತಿಕೊಂಡು, ಮೊದಲು ಇದನ್ನು ಕಟ್ಟಿಬಿಡೋಣ, ಕೈ ಅಡ್ಡ ತರುತ್ತಾರೆ ಎಂದಳು.

ಅಕ್ಕ ಮಾಸ್ಕನ್ನು ನೋಡಿದಳು, ಅದರ ಹಿಂದೆ ನಿಂತುಹೋಗಿದ್ದ ತಂಗಿಯ ಕೈಯನ್ನು ನೋಡಿದಳು. ಎಲ್ಲವೂ ತಿಳಿದಿತ್ತು ಅವಳಿಗೆ, ಇಷ್ಟು ಹೊತ್ತು ನಡೆದ ಮಾತನ್ನೆಲ್ಲ ಕೇಳಿಸಿಕೊಂಡಿದ್ದಳು. ತನ್ನೆರಡೂ ಬರಿಗೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಭಾರ ಹಾಕಿ ಕೂತಳು. ಕಣ್ಣು ಮುಚ್ಚಿದಳು. ಆಮೇಲೆ ದಿಂಬಿನಿಂದ ಕತ್ತು ಎತ್ತಿ, ಏದುಸಿರು ಬಿಡುತ್ತ, ಮುಖವನ್ನು ತಾನೇ ಮುಂದಕ್ಕೆ ತಂದು ಮಾಸ್ಕಿನೊಳಗೆ ಇಟ್ಟಳು.

ಪಟ್ಟಿಗಳನ್ನು ತಂಗಿಯೇ ಹಿಂದಕ್ಕೆ ಎಳೆದು ಸಿಕ್ಕಿಸಿದಳು. ಗಾಳಿ ಸೋರುತ್ತಿದೆ ಎಂದು ಯಂತ್ರ ಕೂಗಿತು. ಇನ್ನೊಂಚೂರು ಬಿಗಿ ಮಾಡಬೇಕು ಮೇಡಂ ಎಂದಳು ಗಿಣಿ, ಅಳುತ್ತ. ಅವಳು ಮಾಡಿದಳು.